ಒರೆಸಿಟ್ಟ ಫಿಲ್ಟರ್

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಬಾಡಿಗೆ ಕಾರಿನ ಚಾಲಕನೊಬ್ಬ ಠಾಣೆಗೆ ಬಂದು ದೂರು ಕೊಟ್ಟ. ಅವನ ಕಾರು ಊರೊಳಗೆ ಚೆನ್ನಾಗಿಯೇ ಓಡುತ್ತಿತ್ತು. ಹೆದ್ದಾರಿಯಲ್ಲಿ ವೇಗ ಹೆಚ್ಚಿಸಿದರೆ ಮಾತ್ರ ಜಗ್ಗಿ ಜಗ್ಗಿ ನಿಂತುಬಿಡುತ್ತಿತ್ತು. ಹಿಂದಿನ ವಾರ ಸರ್ವಿಸ್ ಮಾಡಿದ ಮೆಕ್ಯಾನಿಕ್ ಹಳೆಯ ಜಗಳದ ಸೇಡಿಗೆ ಬೇಕೆಂದೇ ಕೆಡಿಸಿದ್ದಾನೆ ಎಂಬುದು ಆರೋಪ.

"ಕಾರು ಕೆಮ್ಮಿದ್ದಕ್ಕೆಲ್ಲ ಎಫ್‌ಐಆರ್ ಹಾಕೋಕಾಗುತ್ತಾ?" ಎಂದರು ಇನ್‌ಸ್ಪೆಕ್ಟರ್ ಮೇಡಂ.

"ನಿನ್ನೆ ರಸ್ತೆ ಮಧ್ಯೆ ನಿಂತೋಯ್ತು ಮೇಡಂ. ಹಿಂದಿದ್ದ ಲಾರಿ ಗುದ್ದೋದು ಕೂದಲೆಳೆಯಲ್ಲಿ ತಪ್ಪಿತು."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಚಾಲಕನ ಮನೆಯಂಗಳದಲ್ಲಿ ಸಾಕ್ಷಿಗಳಾದ ಪಂಚರ ಎದುರು ತಪಾಸಣೆ ನಡೆಯಿತು. ಮುಖ ಬಾಡಿಸಿಕೊಂಡ ಮೆಕ್ಯಾನಿಕ್ಕನನ್ನೂ ಕರೆತಂದಿದ್ದರು. ಇಲಾಖೆಯ ವಾಹನ ತಜ್ಞ ಇಂಧನದ ಪೈಪಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿದ. ಎಂಜಿನ್ ಸುಮ್ಮನೆ ತಿರುಗುವಾಗ ಮುಳ್ಳು ಸರಿಯಾಗಿತ್ತು. ಆಕ್ಸಿಲರೇಟರ್ ಒತ್ತಿದೊಡನೆ ಕುಸಿಯಿತು. ಇಂಧನ ಸೋಸುವ ಫಿಲ್ಟರಿಗಿಂತ ಮೊದಲೇ ಅಳೆದರೆ ಒತ್ತಡ ಕುಸಿಯಲಿಲ್ಲ. ಅಂದರೆ ಪಂಪು ಗಟ್ಟಿಮುಟ್ಟಾಗಿತ್ತು. ಬಿಚ್ಚಿದ ಫಿಲ್ಟರಿನ ತುಂಬ ಕಪ್ಪು ಕೆಸರು.

"ಇದು ಹಳೇದು. ಹೊಸದು ಹಾಕಿ ಇದನ್ನ ಇವರ ಕೈಗೇ ಕೊಟ್ಟಿದ್ದೆ" ಎಂದ ಮೆಕ್ಯಾನಿಕ್.

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. ಕಾರಿನ ತಳವೆಲ್ಲ ಜಿಡ್ಡು, ಮಣ್ಣು. ಫಿಲ್ಟರ್ ಕೂರಿಸುವ ಜಾಗ, ಕ್ಲಿಪ್ಪುಗಳು ಮಾತ್ರ ತೊಳೆದಿಟ್ಟ ಪಾತ್ರೆಯ ಹಾಗೆ ಹೊಳೆಯುತ್ತಿದ್ದವು.

"ಇಷ್ಟು ಚೆನ್ನಾಗಿ ಒರೆಸಿದ್ದು ನೀನಾ?"

"ನಾನು ನನ್ನ ಕೈನೇ ಒರೆಸ್ಕೊಳಲ್ಲ ಮೇಡಂ."

ಕಾನ್‌ಸ್ಟೇಬಲ್ ಕಿಸಕ್ಕನೆ ನಕ್ಕ. ಚಾಲಕ ನಗಲಿಲ್ಲ, ಅಡುಗೆಮನೆಯತ್ತ ತಿರುಗಿದ. ಪಂಚರು ನೀರು ಕುಡಿದ ಲೋಟಗಳನ್ನು ಅವನ ಅಕ್ಕ ಒರೆಸುತ್ತ ನಿಂತಿದ್ದಳು. ತಾಯಿ ಸತ್ತಮೇಲೆ ಅವನನ್ನು ಸಾಕಿದವಳು. ಅವನು ಕಾರಿನಡಿ ಮಲಗಿದಾಗಲೆಲ್ಲ ಸ್ಪ್ಯಾನರ್ ಎತ್ತಿಕೊಟ್ಟು ಕೆಲಸ ಕಲಿತವಳು.

"ಫಿಲ್ಟರ್ ಬದಲಾಯಿಸಿದ್ದು ನೀವೇನಮ್ಮ?" ಎಂದು ಇನ್‌ಸ್ಪೆಕ್ಟರ್ ಅವಳನ್ನು ಕೇಳಿದರು.

"ಹೌದು. ಆ ಪಾಪದವನನ್ನ ಬಿಟ್ಬಿಡಿ."

"ಯಾಕೆ ಮಾಡಿದ್ರಿ?"

"ಗಾಡಿ ಓಡಿಸ್ತಿರುವಾಗ ಇವನಿಗೆ ಕಣ್ಣು ಕತ್ತಲೆ ಬರುತ್ತೆ. ಎರಡು ಸಲ ಆಯ್ತು. ಡಾಕ್ಟರ್ ಹತ್ರ ಹೋಗೋ ಅಂದ್ರೆ ಸಿಡುಕ್ತಾನೆ. ಹೆದ್ದಾರಿ ಬಿಟ್ಟು ಊರೊಳಗೆ ನಿಧಾನಕ್ಕೆ ಓಡಿಸ್ಕೊಂಡಿರ್ಲಿ ಅಂದ್ಕೊಂಡೆ... ಲಾರಿ ಬರುತ್ತೆ ಅಂತ ತಲೆಗೇ ಹೊಳೀಲಿಲ್ಲ."

ಇನ್‌ಸ್ಪೆಕ್ಟರಿಗೆ ಅವಳ ಮೇಲೆ ಕನಿಕರ ಹುಟ್ಟಿತು. ಆದರೂ ಲಾರಿಯ ಕೆಳಗೆ ಜೀವ ಹೋಗಬಹುದಿತ್ತು, ಸುಮ್ಮನೆ ಬಿಡುವಂತಿರಲಿಲ್ಲ. ಪಂಚನಾಮೆ ಮುಗಿಸಿ ಅಕ್ಕನನ್ನು ಬಂಧಿಸಿ ಠಾಣೆಗೆ ಕರೆತಂದರು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧ.

"ಜಾಮೀನಿಗೆ ಯಾರಿದ್ದಾರೆ?"

"ಇವನೊಬ್ಬನೇ."

ದೂರು ಕೊಟ್ಟವನೇ ಜಾಮೀನಿಗೂ ರುಜು ಹಾಕಿದ. ಸಾಕಿದ ತಮ್ಮ ಕೈತಪ್ಪಿಹೋಗುತ್ತಾನೆಂಬ ಭಯವೇ ಆರೋಪಿಯನ್ನು ಕಾರಿನಡಿಗೆ ಇಳಿಸಿತ್ತು ಎಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು.

ಅಷ್ಟರಲ್ಲಿ ಮೆಕ್ಯಾನಿಕ್ ಹೊಸ ಫಿಲ್ಟರ್ ಹಾಕಿ ಕಾರನ್ನು ಠಾಣೆಯ ಬಾಗಿಲಿಗೇ ತಂದಿದ್ದ.

"ತಪ್ಪಾಯ್ತು ಕಣಣ್ಣ" ಎಂದ ಚಾಲಕ. ಅಕ್ಕನ ಕಡೆ ತಿರುಗಿ, "ನಾಳೆ ಆಸ್ಪತ್ರೆಗೆ ಹೋಗೋಣ ಅಕ್ಕ" ಎಂದ.

"ನಾಳೆ ಯಾಕೆ? ಹತ್ತಿ, ನಾನೇ ಓಡಿಸ್ತೀನಿ" ಎಂದ ಮೆಕ್ಯಾನಿಕ್.

ಅಕ್ಕ ತಮ್ಮನ ಕೈ ಹಿಡಿದು ಹಿಂದಿನ ಸೀಟಿನಲ್ಲಿ ಕುಳಿತಳು.

"ಸ್ವಲ್ಪ ಜೋರಾಗೇ ಹೋಗಪ್ಪ" ಎಂದಳು.