ಈರವ್ವನ ಎರಡನೇ ಸಾಲು

ವಿದ್ಯಾರಣ್ಯಪುರದಲ್ಲಿ ನಮ್ಮ ಕೆಳಮನೆಯಲ್ಲಿದ್ದ ಗದಗಿನ ಈರವ್ವ ತೀರಿಕೊಳ್ಳುವ ಮೊದಲು, ಅವರ ಜೋಗುಳದ ಒಂದೇ ಒಂದು ಸಾಲನ್ನು ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಅದನ್ನು ಕಂಪ್ಯೂಟರಿಗೆ ಹಾಕಿ, ತಾಳ ಕೂಡಿಸಿ, ಲೂಪ್ ಮಾಡಿ ತಿರುಗಿಸುತ್ತಲೇ ಇದ್ದೆ. ಹಾಡು ಮಾತ್ರ ಆಗಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಗೆಳೆಯ ಚನ್ನು ಹಾಡು ಕಟ್ಟುವುದನ್ನು ಕಲಿಸಲು ಬಂದ. "ಒಂದೇ ಲೂಪ್ ಸುತ್ತಿಸ್ತಾ ಇದ್ರೆ ಹಾಡಾಗಲ್ಲ ಕಣೇ ಪ್ರತಿಭಾ. ಯಾವುದು ಎಲ್ಲಿ ಬರ್ಬೇಕು, ಎಲ್ಲಿ ನಿಲ್ಬೇಕು ಅಂತ ನೋಡು," ಎಂದ. ಅವನು ಹೇಳಿದಂತೆ ಮೊದಲು ತಂಬೂರಿ, ಆಮೇಲೆ ತಾಳ ತಂದೆ. ಕೊನೆಗೆ ಎಲ್ಲವನ್ನೂ ನಿಲ್ಲಿಸಿ ಈರವ್ವನ ದನಿಯೊಂದನ್ನೇ ಉಳಿಸಿದೆ.

ಸಾಲು ಮುಗಿಯಿತು. ಮತ್ತೆ ಮೊದಲಿನಿಂದ ಶುರುವಾಗಬೇಕಿದ್ದ ದನಿ ಉಸಿರೆಳೆದುಕೊಂಡಿತು. ಎಲ್ಲೋ ಬಳೆ ಸದ್ದಾಯಿತು. ಬಿಸಿಲು ಬಿದ್ದಿದ್ದ ಮೇಜು ಕೈಗೆ ತಣ್ಣಗೆ ತಾಗಿತು.

"ನಿದ್ದಿ ಬಂತೇನ ಅನ್ವಿ," ಎಂದು ಈರವ್ವ ಎರಡನೇ ಸಾಲು ಹಾಡಿದರು.

"ಇದನ್ನ ಯಾವಾಗ ರೆಕಾರ್ಡ್ ಮಾಡ್ದೆ?" ಚನ್ನು ಪಿಸುಗುಟ್ಟಿದ.

"ಮಾಡೇ ಇಲ್ಲ ಕಣೋ!"

ದನಿ ಮೂರನೇ ಸಾಲಿಗೆ ಏಳುತ್ತಿದ್ದಂತೆ ನಾನು ಹೆದರಿ ನಿಲ್ಲಿಸಿಬಿಟ್ಟೆ. ಆಮೇಲೆ ಎಷ್ಟು ಸಲ ಹಾಕಿದರೂ ಬಂದದ್ದು ಮೊದಲ ಸಾಲು ಮಾತ್ರ.

ಮಾಕಳಿಯಲ್ಲಿರುವ ಈರವ್ವನ ಮಗಳು ಭಾಗ್ಯಶ್ರೀಯನ್ನು ಹುಡುಕಿಕೊಂಡು ಹೋಗಿ ನಡೆದದ್ದನ್ನು ಹೇಳಿದೆ. ಆಕೆ ತೊಡೆಯ ಮೇಲಿದ್ದ ಕೂಸನ್ನು ಎದೆಗೆ ಅವಚಿಕೊಂಡಳು.

"ಇಕಿನ ನೋಡ್ರಿ ಅನ್ವಿ. ಅವ್ವ ಹೋದಮ್ಯಾಲ ಹುಟ್ಟಿದಾಕಿ." ಕೂಸಿನ ತಲೆ ನೇವರಿಸುತ್ತಾ, "ಮುಂದ ಏನ್ ಹಾಡಿದ್ಲು ಅವ್ವ?" ಎಂದು ಕೇಳಿದಳು.

ಕೊನೆಯ ತನಕ ಕೇಳುವ ಧೈರ್ಯ ಮಾಡಿದ್ದರೆ ಹೇಳಬಹುದಿತ್ತು.