ಲಗಾರ ನಗರದ ತಾಮ್ರದ ಮೊಳೆ

ಬಹಳ ಬಹಳ ಹಿಂದೆ, ಎರಡು ನದಿಗಳ ನಡುವಿನ ಸುಮೇರ್ ನಾಡಿನಲ್ಲಿ ಲಗಾರ ಎಂಬ ನಗರವಿತ್ತು. ಮನೆ, ಕೋಟೆ, ಮುಗಿಲಿಗೇರುವ ಮೆಟ್ಟಿಲುಗೋಪುರ ಎಲ್ಲವೂ ಮಣ್ಣಿನ ಇಟ್ಟಿಗೆಯವು. ಮಳೆ ಬಂದಾಗಲೆಲ್ಲ ಒಂದಿಷ್ಟು ಕರಗುತ್ತಿದ್ದವು, ಜನ ಮತ್ತೆ ಕಟ್ಟುತ್ತಿದ್ದರು.

ಅರಸನಿಗೆ ಇದು ಸಾಕಾಯಿತು. ಉರ್ಜಾಗ್ ಎಂಬ ಮಾಂತ್ರಿಕನನ್ನು ಕರೆಸಿ, "ನನ್ನ ನಗರ ಎಂದೂ ಅಳಿಯಬಾರದು" ಎಂದ. ಮಾಂತ್ರಿಕ ಗೋಪುರದ ತುದಿಯ ಗೋಡೆಗೆ ತಾಮ್ರದ ಮೊಳೆ ಹೊಡೆದ. ಕಾಲ ಅಲ್ಲೇ ನಿಂತಿತು.

ಗೋಡೆ ಕರಗಲಿಲ್ಲ. ಆದರೆ ಬಿತ್ತಿದ ಜವೆಗೋಧಿಯೂ ಮೊಳೆಯಲಿಲ್ಲ. ಗೆಮೆಲಾ ಎಂಬ ತುಂಬು ಬಸುರಿಗೆ ಹೆರಿಗೆಯಾಗಲಿಲ್ಲ. ಹಾಸಿಗೆ ಹಿಡಿದಿದ್ದ ಅವಳ ಮಾವನಿಗೆ ಸಾವೂ ಬರಲಿಲ್ಲ. ಮೊಳೆ ಕೀಳಲು ಹೋದ ಗಂಡ ಕಾಲು ಮುರಿದುಕೊಂಡು ಬಂದ. ಆ ಮೂಳೆ ಕೂಡಲಿಲ್ಲ.

"ನಾನೇ ಹೋಗ್ತೀನಿ ಅತ್ತೆ," ಎಂದಳು ಗೆಮೆಲಾ.

"ಈ ಹೊಟ್ಟೆ ಹೊತ್ತುಕೊಂಡೇನೇ?"

"ಇಳಿಸೋಕೇ ಹೋಗ್ತಿರೋದು."

ಗೋಪುರದ ಮೊದಲ ಅಂತಸ್ತಿನಲ್ಲಿ ಕಾವಲಿಗಿದ್ದ ನೀಲಿಗಡ್ಡದ ಗೂಳಿ ಕೊಂಬು ತಗ್ಗಿಸಿತು. ಅವಳು ಹೆದರುತ್ತಲೇ ಕೇಳಿದಳು: "ನಿನಗೇನು ಕಷ್ಟ?"

"ನಿದ್ದೆ ಬರುವುದಿಲ್ಲ," ಎಂದಿತು ಗೂಳಿ. "ಆಯಾಸ ಮಾತ್ರ ಹೋಗಿಲ್ಲ." ದಾರಿ ಬಿಟ್ಟಿತು.

ಎರಡನೆಯ ಅಂತಸ್ತಿನಲ್ಲಿ ಸಿಂಹದ ತಲೆಯ ಹದ್ದು ಉಗುರು ಚಾಚಿತು. "ನಿನಗೇನು ಕಷ್ಟ?" ಎಂದಳು.

"ಮೊಟ್ಟೆ ಒಡೆಯುತ್ತಿಲ್ಲ. ಒಳಗೆ ಮರಿ ಕುಟ್ಟುತ್ತಲೇ ಇದೆ." ಅದೂ ರೆಕ್ಕೆ ಸರಿಸಿತು.

ಮೂರನೆಯ ಅಂತಸ್ತಿನಲ್ಲಿ ಚೇಳುಮನುಷ್ಯ ಕುಳಿತಿದ್ದ. "ನನಗೆ ಯಾವ ಕಷ್ಟವೂ ಇಲ್ಲ," ಎಂದು ನಕ್ಕ. "ಸಾವಿಗೆ ಹೆದರುತ್ತಿದ್ದೆ. ಈಗ ಸಾವೇ ಇಲ್ಲ. ನಿನ್ನನ್ನೇಕೆ ಬಿಡಲಿ?"

ಗೆಮೆಲಾ ಹತ್ತಿರ ಹೋದಳು. ಅವನ ಒರಟು ಕೈ ಹಿಡಿದು ಹೊಟ್ಟೆಯ ಮೇಲಿಟ್ಟಳು. ಕೂಸು ಒದೆಯಿತು. ಚೇಳುಮನುಷ್ಯ ಕೈ ತೆಗೆಯದೆ ಇನ್ನೊಂದು ಒದೆತಕ್ಕೆ ಕಾದ. ಆಮೇಲೆ ಕೊಂಡಿ ಕೆಳಗಿಳಿಸಿ ದಾರಿ ಬಿಟ್ಟ.

ತುದಿಯಲ್ಲಿ ಉರ್ಜಾಗ್ ಕಾಯುತ್ತಿದ್ದ. "ಮೊಳೆ ಕೀಳುವ ಮೊದಲು ಇದನ್ನು ನೋಡು," ಎಂದು ನೀರಿನ ಬಟ್ಟಲು ಹಿಡಿದ. ನೀರಿನಲ್ಲಿ ಕಂಡದ್ದು ಬರೀ ಮರಳು, ಮಣ್ಣಿನ ದಿಬ್ಬ, ಗುಳ್ಳೆನರಿಯ ಬಿಲ.

"ಇದು ನಿನ್ನ ಮನೆ. ಮೊಳೆ ಕಿತ್ತರೆ ಎಂದಾದರೂ ಹೀಗೇ ಆಗುತ್ತದೆ. ನಿನ್ನ ಹೆಸರು ಹೇಳುವವರೂ ಇರುವುದಿಲ್ಲ."

ಗೆಮೆಲಾಳಿಗೆ ಕಣ್ಣು ತುಂಬಿತು. ಆ ಮನೆಯ ಒಂದೊಂದು ಇಟ್ಟಿಗೆಯನ್ನೂ ಗಂಡನ ಜೊತೆ ಅವಳೇ ಹೊಯ್ದಿದ್ದಳು. ಮತ್ತೆ ಬಗ್ಗಿ ನೋಡಿದಳು.

"ಬಿಲದ ಮುಂದೆ ಮರಿಗಳು ಆಡುತ್ತಿವೆಯಲ್ಲ," ಎಂದಳು. "ನನ್ನ ಮನೆಯಲ್ಲಿ ಈಗ ಅದೂ ಇಲ್ಲ."

ಮೊಳೆಗೆ ಕೈ ಹಾಕಿದಳು. ಮಾಂತ್ರಿಕ ಅವಳ ಮಣಿಕಟ್ಟು ಹಿಡಿದು ತಿರುಚಿದ. ಅವಳು ಬಿಡಲಿಲ್ಲ. ಮೊಳೆ ಕೂದಲೆಳೆಯಷ್ಟು ಅಲುಗಿತು. ಅಷ್ಟು ಸಾಕಾಯಿತು, ತಡೆದಿದ್ದ ಹೆರಿಗೆನೋವು ಒಮ್ಮೆಲೇ ನುಗ್ಗಿತು. ಅವಳು ಕೂಗಿದಳು, ಮೊಳೆಯನ್ನೇ ಆಸರೆಯಾಗಿ ಹಿಡಿದು ಮೈಯೆಲ್ಲ ಬಲ ಹಾಕಿ ಜಗ್ಗಿದಳು. ಮೊಳೆ ಕಿತ್ತು ಬಂತು. ಉರ್ಜಾಗ್‌ನ ಮೇಲೆ ಅವನು ತಡೆದಿದ್ದ ವರ್ಷಗಳೆಲ್ಲ ಬಿದ್ದವು. ಅವನು ಬೂದಿಯಾಗಿ ಗಾಳಿಯಲ್ಲಿ ಹೋದ.

ಗೋಪುರದ ಮೇಲೆಯೇ ಹೆಣ್ಣುಮಗು ಹುಟ್ಟಿತು. ಚೇಳುಮನುಷ್ಯ ಅತ್ತೆಯನ್ನು ಬೆನ್ನ ಮೇಲೆ ಕೂರಿಸಿ ತಂದ. ಮಗುವನ್ನು ಮನೆಗೆ ತಂದಾಗ ಮಾವ ಮೊಮ್ಮಗಳ ಕಾಲನ್ನು ಕಣ್ಣಿಗೊತ್ತಿಕೊಂಡು ನೆಮ್ಮದಿಯಾಗಿ ಕಣ್ಣು ಮುಚ್ಚಿದ. ಹೊಲ ಹಸಿರಾಯಿತು. ಲಗಾರದ ಜನ ಅತ್ತರು, ನಕ್ಕರು, ಮುದುಕರಾದರು, ಸುಖವಾಗಿದ್ದರು.

ಎಷ್ಟೋ ತಲೆಮಾರುಗಳ ನಂತರ ನದಿ ದಿಕ್ಕು ಬದಲಿಸಿತು. ಜನ ದೇವರನ್ನೂ ಮಡಕೆಗಳನ್ನೂ ಹೊತ್ತು ನೀರಿನ ಹಿಂದೆ ನಡೆದರು. ಊರು ದಿಬ್ಬವಾಯಿತು.

ಸಾವಿರಾರು ವರ್ಷಗಳ ಮೇಲೆ ದಿಬ್ಬ ಅಗೆದವರಿಗೆ ಅರಸನ ಹೆಸರು ಎಲ್ಲಿಯೂ ಸಿಗಲಿಲ್ಲ. ಒಂದು ಸಣ್ಣ ಮನೆಯ ಮೂಲೆಯಲ್ಲಿ ಬೆರಳುದ್ದದ ಮಣ್ಣಿನ ಕುರಿ ಸಿಕ್ಕಿತು. ಹಸಿಯಿದ್ದಾಗಲೇ ಯಾವುದೋ ಮಗು ಕಚ್ಚಿತ್ತು, ಕಿವಿಯ ಮೇಲೆ ಹಾಲುಹಲ್ಲಿನ ಗುರುತು. ಧೂಳು ಒರೆಸಿದ ಹೆಂಗಸು ಅದನ್ನು ಅಂಗೈಯಲ್ಲಿಟ್ಟುಕೊಂಡು, "ಎಷ್ಟು ತುಂಟಿಯಮ್ಮಾ ನೀನು!" ಎಂದಳು.