ಮಂಚದ ಕೆಳಗಿನ ಕೆಂಡ

"ಊದ್‌ಬೇಡ ಕಣೇ! ಬೂದಿಯೆಲ್ಲ ನನ್ನ ಕಣ್ಣಿಗೇ ಬರ್ತಿದೆ. ಬೀಸು, ಕೆಳಗಿನ ಕಿಂಡಿಗೆ ಬೀಸು."

ಅಜ್ಜಿ ಕಣ್ಣುಜ್ಜಿಕೊಳ್ಳುತ್ತ ಬೈದಳು. ಸುಮನಾ ಹಳೇ ಕ್ಯಾಲೆಂಡರಿನ ರಟ್ಟು ಹಿಡಿದು ಒಲೆಯ ಕೆಳಗಿನ ಕಿಂಡಿಗೆ ಪಟಪಟ ಬೀಸಿದಳು. ಇದ್ದಿಲು ಚಟಚಟ ಅಂದಿತು. ಹಿತ್ತಿಲ ತುಂಬ ಹೊಗೆ.

"ಒಳಗೆ ತಗೊಂಡು ಹೋಗ್ಲಾ ಅಜ್ಜಿ?"

"ಏನವಸರ ನಿಂಗೆ? ಕರೀದೆಲ್ಲ ಕೆಂಪಗಾಗ್ಬೇಕು. ಮೇಲೆ ಬಿಳೀ ಪೊರೆ ಕಟ್ಬೇಕು. ಆಮೇಲೆ."

ಅದು ಕಬ್ಬಿಣದ ಒಲೆ. ನೋಡಲು ಬಕೆಟ್ಟಿನಷ್ಟೂ ಇಲ್ಲ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ನಂಜಮ್ಮಜ್ಜಿ ಅದನ್ನು ಭದ್ರಾವತಿಯಿಂದ ಬಸ್ಸಿನಲ್ಲಿ ತಂದಿದ್ದಳು. ಕಂಡಕ್ಟರ್ ಲಗೇಜ್ ಟಿಕೆಟ್ ತಗೊಳ್ಳಿ ಎಂದದ್ದಕ್ಕೆ, "ತೊಡೆ ಮೇಲೆ ಇಟ್ಕೊಂಡಿದೀನಿ. ನಿನ್ನ ಸೀಟೇನು ತಿಂತಾ ಇದು?" ಎಂದು ಜಗಳಕ್ಕೆ ನಿಂತಿದ್ದಳಂತೆ. ಶಿವಮೊಗ್ಗ ಬರುವವರೆಗೂ ಒಲೆಯನ್ನು ತೊಡೆಯಿಂದ ಇಳಿಸಲಿಲ್ಲ. ಸೀರೆಯೆಲ್ಲ ಮಸಿ. ಆದರೂ ಅವತ್ತು ಅಜ್ಜಿ ನಗುತ್ತಲೇ ಬಂದಿದ್ದಳು. ಮಗಳಿಗೆ ಹೆರಿಗೆ, ಮನೆಗೆ ಪಾಪು ಬರುವುದಿತ್ತು.

ಪಾಪು ಹುಟ್ಟಿತು. ಆಸ್ಪತ್ರೆಯಲ್ಲಿ ಎರಡು ದಿನ ಇತ್ತು. ಆಮೇಲೆ ಇರಲಿಲ್ಲ. ಅಮ್ಮ ಹೊಸಮನೆ ಬಡಾವಣೆಯ ಮನೆಗೆ ಬರಿಗೈಯಲ್ಲಿ ಬಂದಳು.

ಅಜ್ಜಿ ಮಾತ್ರ ಏನನ್ನೂ ಬಿಡಲಿಲ್ಲ. "ಮಗು ಇಲ್ದಿದ್ರೂ ಬಾಣಂತಿ ಬಾಣಂತೀನೇ. ಹಸಿ ಮೈ. ಗಾಳಿ ಸೋಕ್‌ಬಾರ್ದು" ಎಂದು ಅಮ್ಮನ ಕಿವಿಗೆ ಹತ್ತಿ ಇಟ್ಟಳು, ತಲೆಗೆ ಸ್ಕಾರ್ಫ್ ಕಟ್ಟಿದಳು. ಕೋಣೆಯ ಕಿಟಕಿ ಮುಚ್ಚಿ, ಸಂದಿಗೆ ಹಳೇ ಸೀರೆ ತುರುಕಿದಳು. ಗೋಡೆಯ ಮೇಲಿನ ಗವಾಕ್ಷಿ ಒಂದನ್ನು ಮಾತ್ರ ಹಾಗೇ ಬಿಟ್ಟಳು. ಹಗ್ಗದ ಮಂಚ, ಅದರ ಕೆಳಗೆ ಕೆಂಡದ ಒಲೆ. ಒಳಗೆ ತಂದ ಮೇಲೆ ಕೆಂಡದ ಮೇಲೆ ಒಂದು ಹಿಡಿ ಬೂದಿ ಉದುರಿಸುತ್ತಿದ್ದಳು.

ಅದನ್ನು ಕಂಡರೆ ಸುಮನಾಗೆ ಸಿಟ್ಟು ಬರುತ್ತಿತ್ತು. ಅಷ್ಟು ಹೊತ್ತು ಬೀಸಿ ಬೀಸಿ ಕೆಂಪಗೆ ಮಾಡಿದ್ದನ್ನು ಯಾರಾದರೂ ಮುಚ್ಚುತ್ತಾರಾ?

"ಅಜ್ಜಿ, ಅಮ್ಮಂಗೆ ಚಳಿ ಹೋಗ್ತಾನೇ ಇಲ್ಲ. ನೀನು ನೋಡಿದ್ರೆ ಬೂದಿ ಹಾಕ್ತೀಯ."

"ನಿಂಗೊತ್ತಾಗಲ್ಲ, ಸುಮ್ನಿರು."

"ಮೇಲಿಂದ ಗಾಳಿ ಬರ್ತಿದೆ. ಅದ್ಯಾಕೆ ಮುಚ್ಚಿಲ್ಲ?"

"ಅದು ಹಂಗೇ ಇರ್ಬೇಕು."

ಹಂಗೇ ಅಂದರೆ ಹಂಗೇ. ಯಾಕೆ ಎಂದು ಅಜ್ಜಿ ಹೇಳಲಿಲ್ಲ.

ಅಮ್ಮ ಮಾತಾಡುವುದನ್ನೇ ಬಿಟ್ಟಿದ್ದಳು. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಊಟ ಬೇಕಾ ಅಂದರೆ ಬೇಡ, ಕಾಫಿ ಬೇಕಾ ಅಂದರೆ ಬೇಡ. ಏನಾಗ್ತಿದೆ ಅಂದರೆ ಒಂದೇ ಉತ್ತರ, "ಚಳಿ." ಎರಡು ಕಂಬಳಿ ಹೊದ್ದರೂ ಚಳಿ, ಬಿಸಿನೀರು ಸ್ನಾನ ಮಾಡಿಸಿದರೂ ಚಳಿ. ಅಪ್ಪ ಅಂಗಡಿಯಿಂದ ಬಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಹಾಗೇ ವಾಪಸ್ ಹೋಗುತ್ತಿದ್ದರು.

ಸ್ಕೂಲಿನಲ್ಲೂ ಸುಖವಿಲ್ಲ. "ಏನೇ, ಪೇಡ ಯಾವಾಗ ಕೊಡ್ತೀಯ? ಪಾಪು ಹುಟ್ಟಿ ಎಷ್ಟ್ ದಿನ ಆಯ್ತು? ಜಿಪುಣಿ!" ಎಂದು ವಸಂತ್ ಇಡೀ ಕ್ಲಾಸಿಗೆ ಕೇಳುವ ಹಾಗೆ ಕಿರುಚಿದ. ಸುಮನಾ, "ನಾಳೆ" ಎಂದಳು.

ಅವತ್ತು ಸಂಜೆ ಮನೆಗೆ ಬಂದಾಗ ಅಜ್ಜಿ ಚೀಲ ಹಿಡಿದು ಹೊರಟಿದ್ದಳು.

"ಕೋಟೆ ಹತ್ರ ಹೋಗಿ ಶುಂಠಿ, ಹಿಪ್ಪಲಿ ತರ್ತೀನಿ. ಅಮ್ಮನ ಹತ್ರ ಇರು. ಬಾಗ್ಲು ತೆಗೆದು ಗಾಳಿ ಬಿಡ್‌ಬೇಡ."

ಅಜ್ಜಿ ಹೋದಳು. ಸುಮನಾ ಬ್ಯಾಗ್ ಮೂಲೆಗೆ ಎಸೆದು ಮಂಚದ ಕೆಳಗೆ ಬಗ್ಗಿದಳು. ಬೂದಿ ಮುಚ್ಚಿದ ಒಲೆ ಮಂಕಾಗಿತ್ತು. ಇಷ್ಟು ಶಾಖದಲ್ಲಿ ಯಾರ ಚಳಿ ಹೋಗುತ್ತದೆ?

ಅವಳು ಒಲೆಯನ್ನು ಈಚೆಗೆ ಎಳೆದಳು. ಸೌಟಿನಿಂದ ಮೇಲಿನ ಬೂದಿ ತೆಗೆದಳು. ಒಲೆಯೊಳಗಿನ ಜಾಲರಿಗೆ ಕಟ್ಟಿಕೊಂಡಿದ್ದ ಬೂದಿಯನ್ನು ಕಡ್ಡಿಯಲ್ಲಿ ಕೆದಕಿ ಉದುರಿಸಿದಳು. ಕಿಂಡಿ ಪೂರ್ತಿ ತೆಗೆದು ಬೀಸಿದಳು. ಕೆಂಡ ಕಣ್ಣು ಬಿಟ್ಟಿತು! ಹಿತ್ತಿಲಿನ ಡಬ್ಬದಿಂದ ದಪ್ಪ ದಪ್ಪ ಕರೀ ಇದ್ದಿಲು ತಂದು ಅದರ ಮೇಲೆ ಗುಡ್ಡೆ ಹಾಕಿದಳು. ಅದು ಕೆಂಪಗಾಗುವವರೆಗೆ ಹೊರಗಿಡಬೇಕು ಎಂಬುದು ನೆನಪಿತ್ತು. ಆದರೆ ಉರಿಯುವ ಒಲೆಯನ್ನು ಹಿತ್ತಿಲಿಗೆ ಹೊರುವ ಶಕ್ತಿ ಅವಳಿಗೆಲ್ಲಿ? ಒಳಗೇ ಬೀಸಿದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಝಳ ಹೊಡೆಯಿತು. ಒಲೆಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದಳು.

ಉಳಿದದ್ದು ಗವಾಕ್ಷಿ. ಕುರ್ಚಿ ಹತ್ತಿ, ಅದಕ್ಕೆ ಟವೆಲ್ ತುರುಕಿದಳು.

"ಅಮ್ಮ, ಈಗ ಬೆಚ್ಚಗಿದೆಯಾ?"

"ಹ್ಞೂಂ," ಎಂದಳು ಅಮ್ಮ.

ಎಷ್ಟು ದಿನದ ಮೇಲೆ ಬಂದ ಹ್ಞೂಂ! ಸುಮನಾ ಬಾಗಿಲನ್ನು ಗಟ್ಟಿಯಾಗಿ ಎಳೆದುಕೊಂಡು ಹೊರಗೆ ಹೋಂವರ್ಕ್ ಮಾಡುತ್ತ ಕೂತಳು. ನಡುವೆ ಒಮ್ಮೆ ಇಣುಕಿದಳು. ಅಮ್ಮ ನಿದ್ದೆಯಲ್ಲಿದ್ದಳು. ಅವಳ ಕೆನ್ನೆ ಕೆಂಪಗಾದದ್ದು ಕಂಡು ಸುಮನಾಗೆ ಹಿಗ್ಗಾಯಿತು. ಶಬ್ದ ಮಾಡದೆ ಬಾಗಿಲು ಮುಚ್ಚಿದಳು.

ಲೆಕ್ಕ ಮುಗಿಸಿ, ಕಾಫಿ ಬಿಸಿಮಾಡಿ, ಲೋಟ ಹಿಡಿದು ಒಳಗೆ ಹೋದಳು.

"ಅಮ್ಮ, ಕಾಫಿ."

ಅಮ್ಮ ಏಳಲಿಲ್ಲ. ಭುಜ ಅಲುಗಾಡಿಸಿದಳು. ತಲೆ ದಿಂಬಿನಿಂದ ಪಕ್ಕಕ್ಕೆ ಜಾರಿತು. ಗಂಟಲಿನಿಂದ ಏನೋ ಶಬ್ದ ಬಂತು, ಮಾತಲ್ಲ. ಸುಮನಾಗೂ ತಲೆ ಸುತ್ತಿತು. ಲೋಟ ಕೈಯಿಂದ ಬಿತ್ತು.

"ಆಂಟೀ! ಪ್ರೇಮಮ್ಮ ಆಂಟೀ!"

ಪಕ್ಕದ ಮನೆಯ ಪ್ರೇಮಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದರು. ಬಾಗಿಲಲ್ಲೇ ಕೆಮ್ಮಿದರು. "ಅಯ್ಯೋ, ಇದೇನೇ ಮಾರಾಯ್ತಿ! ಕೋಣೇಲಿ ಗಾಳೀನೇ ಇಲ್ವಲ್ಲ!" ಕಿಟಕಿಯ ಸೀರೆ ಕಿತ್ತೆಸೆದರು. ಅಮ್ಮನ ಕಂಕುಳಿಗೆ ಕೈಹಾಕಿ ದರದರ ಹೊರಗೆ ಎಳೆದರು. ಸುಮನಾ ಕಾಲು ಹಿಡಿದಳು. ಅಂಗಳದಲ್ಲಿ ಅಮ್ಮ ವಾಂತಿ ಮಾಡಿಕೊಂಡಳು. ಯಾರೋ ಆಟೋ ತಂದರು.

ಆಸ್ಪತ್ರೆಯಲ್ಲಿ ಆಕ್ಸಿಜನ್ ಇಟ್ಟರು. ಡಾಕ್ಟರ್, "ಇನ್ನರ್ಧ ಗಂಟೆ ತಡ ಆಗಿದ್ರೆ..." ಎಂದು, ಸುಮನಾಳನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದರು. "ಮುಚ್ಚಿದ ಕೋಣೇಲಿ ಇದ್ದಿಲು ಉರಿದ್ರೆ ವಿಷದ ಗಾಳಿ ತುಂಬ್ಕೊಳ್ಳುತ್ತೆ. ವಾಸನೇನೂ ಗೊತ್ತಾಗಲ್ಲ. ಇನ್ಮೇಲೆ ಆ ಒಲೆ ಒಳಗಿಡ್ಲೇಬೇಡಿ" ಎಂದರು.

"ಗವಾಕ್ಷಿ ಮುಚ್ಚಿದ್ಯಾರು?" ಎಂದು ಅಪ್ಪ ಕೇಳಿದರು.

"ನಾನು."

ಅಪ್ಪ ಬೈಯಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ನಾನೇ ಹೇಳ್ಬೇಕಿತ್ತು, ಬಾಯಿ ಬಿಟ್ಟು ಹೇಳ್ಬೇಕಿತ್ತು" ಎಂದು ಅದನ್ನೇ ಹೇಳುತ್ತಿದ್ದಳು.

ಮರುದಿನ ಬೆಳಿಗ್ಗೆ ಅಮ್ಮನನ್ನು ಮನೆಗೆ ಕರೆತಂದರು. ಬೀದಿಯಲ್ಲಿ ಇನ್ನೂ ಮಂಜಿತ್ತು. ಅಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟಳು.

"ಒಳಗೆ ನಡಿಯೇ ದಾಕ್ಷಿ," ಎಂದಳು ಅಜ್ಜಿ.

"ಸ್ವಲ್ಪ ಹೊತ್ತು ಇಲ್ಲೇ ಇರ್ತೀನಿ."

ಸುಮನಾ ಒಂದು ಮೆಟ್ಟಿಲು ಕೆಳಗೆ ಕೂತಳು. ಹತ್ತಿರ ಹೋಗಲು ಭಯವಾಗುತ್ತಿತ್ತು.

"ನಾನು... ನಿಂಗೆ ಚಳಿ ಹೋಗ್ಲಿ ಅಂತ..."

"ಗೊತ್ತು ಪುಟ್ಟಿ."

"ಇನ್ನೂ ಚಳಿ ಆಗ್ತಿದೆಯಾ?"

ಅಮ್ಮ ಬೀದಿಯನ್ನೇ ನೋಡುತ್ತಿದ್ದಳು. ಹಾಗೇ ನಿಧಾನಕ್ಕೆ ಹೇಳಿದಳು.

"ಅವನ ಕೈ ತಣ್ಣಗಿತ್ತು ಕಣೇ. ಇಷ್ಟೇ ಇಷ್ಟು ಕೈ. ಉಜ್ಜಿದೆ. ಸೆರಗೊಳಗೆ ಇಟ್ಕೊಂಡೆ. ಬೆಚ್ಚಗಾಗ್ಲೇ ಇಲ್ಲ."

ಅವನು. ಇಷ್ಟು ದಿನ ಮನೆಯಲ್ಲಿ ಯಾರೂ ಆ ಮಾತು ಆಡಿರಲಿಲ್ಲ. ಪಾಪುವಿನ ಸುದ್ದಿ ಬಂದರೆ ಸಾಕು, ಎಲ್ಲರೂ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಸುಮನಾಳೂ ಅಷ್ಟೇ, ರಟ್ಟು ಹಿಡಿದು ಒಲೆಯ ಹತ್ತಿರ ಓಡುತ್ತಿದ್ದಳು.

ಅಮ್ಮ ಅಳತೊಡಗಿದಳು. ಅಜ್ಜಿ ಕಂಬಳಿ ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

ಸುಮನಾ ಓಡಲಿಲ್ಲ. ಒಂದು ಮೆಟ್ಟಿಲು ಮೇಲೆ ಜರುಗಿ ಅಮ್ಮನಿಗೆ ಒತ್ತಿಕೊಂಡು ಕೂತಳು.

"ಅವಂಗೆ ಕೂದ್ಲು ಇತ್ತಾ ಅಮ್ಮ?" ಎಂದು ಕೇಳಿದಳು.